ಶಾಸಕರು ಕೇಳಿದ ಲೆಕ್ಕ, ಇಲಾಖೆ ಕೊಟ್ಟ ಲೆಕ್ಕ

ವಿಧಾನಮಂಡಲದ ಅಧಿವೇಶನ ಶುರುವಾಯಿತೆಂದರೆ ದಿನವೂ ಉತ್ತರಗಳ ದೊಡ್ಡ ಕಟ್ಟೊಂದು ಸದನದ ಮುಂದೆ ಬರುತ್ತದೆ. ಚುಕ್ಕೆ ಗುರುತಿನ, ಎಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ, ಕೆಲವು ಪ್ರಶ್ನೆಗಳ ಮೇಲೆ ಉಪಪ್ರಶ್ನೆ ಎದ್ದು, ಮಾತಿಗೆ ಮಾತು ಬೆಳೆದು, ಸಂಜೆಯ ಸುದ್ದಿಯಾಗುತ್ತದೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಬಂದ ಲಿಖಿತ ಉತ್ತರಗಳನ್ನು ತೆರೆದು ನೋಡುವವರೇ ಕಡಿಮೆ. ಆದರೆ ಸರ್ಕಾರಿ ಸೇವೆಗಳ ನಿಜವಾದ ಲೆಕ್ಕ ಸಚಿವರ ಹೊಣೆಯಲ್ಲಿ ಹೊರಗೆ ಬರುವುದು ಅಲ್ಲೇ: ಎಷ್ಟು ಅರ್ಜಿ ಬಾಕಿ ಇದೆ, ಎಷ್ಟು ಹುದ್ದೆ ಖಾಲಿ ಬಿದ್ದಿವೆ, ಬಿಡುಗಡೆಯಾದ ಹಣದಲ್ಲಿ ಎಷ್ಟು ಖರ್ಚಾಗಿದೆ.

ಬೆಂಗಳೂರಿನ ಮಟ್ಟಿಗೆ ಈ ಕಾಗದಗಳ ತೂಕ ಇನ್ನೂ ಹೆಚ್ಚು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಆ ಕೌನ್ಸಿಲ್‌ನ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ನಗರ ಹೋಯಿತು. ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಆಯುಕ್ತರನ್ನು ಲೆಕ್ಕ ಕೇಳುವ ಕಾರ್ಪೊರೇಟರ್ ಇಲ್ಲದ ಈ ವರ್ಷಗಳಲ್ಲಿ, ಕಸ, ಗುಂಡಿ, ಖಾತಾ, ನೀರು ಎಲ್ಲದರ ಅಂಕಿಅಂಶವನ್ನು ಅಧಿಕೃತವಾಗಿ ಕೇಳುವ ಕೆಲಸ ನಗರದ 28 ವಿಧಾನಸಭಾ ಕ್ಷೇತ್ರಗಳ ಶಾಸಕರ ಮತ್ತು ಕೆಲವು ಪರಿಷತ್ ಸದಸ್ಯರ ಮೇಲೆ ಬಿತ್ತು. ಅವರ ಪ್ರಶ್ನೆ ಸಡಿಲವಾಗಿದ್ದರೆ ಇಡೀ ನಗರಕ್ಕೆ ಸಿಗುವ ಉತ್ತರವೂ ಸಡಿಲ.

ಉತ್ತರಗಳಲ್ಲಿ ಹಸಿ ಸುಳ್ಳು ಅಪರೂಪ. ಸದನಕ್ಕೆ ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ ಎಂಬ ಭಯ ಅಧಿಕಾರಿಗಳಿಗೂ ಉಂಟು, ಸಚಿವರಿಗೂ ಉಂಟು. ತೊಂದರೆಯಾಗುವುದು ಹೀಗೆ: ಇಲಾಖೆ ತನ್ನ ಕೆಲಸಕ್ಕೆಂದು ಇಟ್ಟುಕೊಂಡ ರಿಜಿಸ್ಟರಿನ ಸಂಖ್ಯೆಯನ್ನು ಎತ್ತಿ ಕೊಡುತ್ತದೆ. ಶಾಸಕರು ತಿಳಿಯಲು ಹೊರಟದ್ದು ಬೇರೆಯದೇ ಸಂಖ್ಯೆಯಾಗಿರುತ್ತದೆ. ಪ್ರಶ್ನೆಯ ಒಕ್ಕಣೆಯಲ್ಲಿ ಬಿಗಿ ಇಲ್ಲದಿದ್ದರೆ ಈ ಎರಡರ ನಡುವಿನ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ ನಡೆಯುವ ದಾರಿ ನೋಡಿದರೆ ಇದು ಅರ್ಥವಾಗುತ್ತದೆ. ಶಾಸಕರ ಸೂಚನೆ ವಿಧಾನಸಭೆಯ ಸಚಿವಾಲಯಕ್ಕೆ ಹೋಗಿ, ಸಭಾಧ್ಯಕ್ಷರು ಅಂಗೀಕರಿಸಿದ ಮೇಲೆ ಇಲಾಖೆಯ ಕಾರ್ಯದರ್ಶಿ ಕಚೇರಿಗೆ ಬರುತ್ತದೆ. ವಿಕಾಸಸೌಧದಲ್ಲೂ ಬಹುಮಹಡಿ ಕಟ್ಟಡದಲ್ಲೂ ಇದಕ್ಕೆ ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ) ಎಂದು ಹೆಸರು, ಪರಿಷತ್ತಿನಿಂದ ಬಂದರೆ ಎಲ್‌ಸಿಕ್ಯೂ. ಶಾಖಾಧಿಕಾರಿ ಅದಕ್ಕೊಂದು ಕಡತ ತೆರೆದು ಆಯುಕ್ತಾಲಯಕ್ಕೋ ನಿರ್ದೇಶನಾಲಯಕ್ಕೋ ಕಳಿಸುತ್ತಾರೆ. ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲ್ಲೂಕು, ಕೊನೆಗೆ ಒಬ್ಬ ಕೇಸ್ ವರ್ಕರ್‌ನ ಮೇಜು. ಮಾಹಿತಿ ಇದೇ ಮೆಟ್ಟಿಲುಗಳನ್ನು ಹತ್ತಿ ವಾಪಸ್ ಬರಬೇಕು. ನಿಯಮದ ಪ್ರಕಾರ ಸಮಯ ಇದ್ದರೂ ಕೆಳಗಿನ ಕಚೇರಿಗೆ ಅದು ಮುಟ್ಟುವುದು ಸಾಮಾನ್ಯವಾಗಿ ‘ಅತಿ ತುರ್ತು, ಇಂದು ಸಂಜೆಯೊಳಗೆ’ ಎಂಬ ವಾಟ್ಸಾಪ್ ಸಂದೇಶವಾಗಿ.

ಆ ಸಂಜೆಯೊಳಗೆ ಹೊಸದಾಗಿ ಎಣಿಸುವುದಕ್ಕೆ ಯಾರಿಗೂ ಆಗುವುದಿಲ್ಲ. ಕಳೆದ ತಿಂಗಳ ಪ್ರಗತಿ ವರದಿ ತೆಗೆದು ಅದರಲ್ಲಿದ್ದ ಸಂಖ್ಯೆಯನ್ನು ನಮೂನೆಗೆ ಇಳಿಸುತ್ತಾರೆ. ಒಂದು ತಾಲ್ಲೂಕಿನವರು ಮಾರ್ಚ್ 31ರ ಲೆಕ್ಕ ಕೊಟ್ಟರೆ ಇನ್ನೊಂದರವರು ನಿನ್ನೆಯವರೆಗಿನದು ಕೊಟ್ಟಿರುತ್ತಾರೆ. ಮಾಹಿತಿಯನ್ನೇ ಕಳಿಸದ ಕಚೇರಿಯ ಕೋಷ್ಟಕ ಖಾಲಿ ಉಳಿಯುತ್ತದೆ. ಎಕ್ಸೆಲ್‌ನಲ್ಲಿ ಒಟ್ಟು ಹಾಕುವಾಗ ಖಾಲಿ ಕೋಷ್ಟಕ ಸೊನ್ನೆಯಾಗುತ್ತದೆ. ಮೇಲಿನ ಹಂತದಲ್ಲಿ ಒಟ್ಟು ಸಂಖ್ಯೆಯೊಂದೇ ಉಳಿದು, ಎಷ್ಟು ಕಚೇರಿ ವರದಿ ಮಾಡಿಲ್ಲ ಎಂಬುದು ಅಳಿಸಿಹೋಗುತ್ತದೆ. ಸೊನ್ನೆಗೂ ಗೊತ್ತಿಲ್ಲ ಎನ್ನುವುದಕ್ಕೂ ಇರುವ ಈ ವ್ಯತ್ಯಾಸವನ್ನು ಸದನದಲ್ಲಿ ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು ಅದು.

ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ‘ಸಕಾಲ’ ಯೋಜನೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ನಾಗರಿಕ ಸೇವೆಗಳ ಬಗ್ಗೆ ಕೇಳಿದ ಹೆಚ್ಚಿನ ಪ್ರಶ್ನೆಗಳ ಉತ್ತರ ಹುಟ್ಟುವುದು ಇಲ್ಲಿಂದ. 2011ರ ಕಾಯ್ದೆಯಡಿ 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಸಕಾಲ ಶುರುವಾಯಿತು, ಈಗ ಸೇವೆಗಳ ಪಟ್ಟಿ ಸಾವಿರ ದಾಟಿದೆ. ಅರ್ಜಿ ಕೊಟ್ಟಾಗ 15 ಅಂಕಿಗಳ ಜಿಎಸ್‌ಸಿ (ನಾಗರಿಕ ಸೇವಾ ಖಾತರಿ) ಸಂಖ್ಯೆ ಇರುವ ಸ್ವೀಕೃತಿ ಸಿಗಬೇಕು. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ದೇಶದಲ್ಲೇ ಒಳ್ಳೆಯ ಕಾನೂನುಗಳಲ್ಲಿ ಇದೊಂದು ಎಂಬುದರಲ್ಲಿ ಅನುಮಾನವಿಲ್ಲ.

ಶಾಸಕರು ಸಾಮಾನ್ಯವಾಗಿ ಕೇಳುವುದು ಹೀಗೆ: ‘ಸಕಾಲ ಯೋಜನೆಯಡಿ ಸ್ವೀಕೃತವಾದ ಅರ್ಜಿಗಳೆಷ್ಟು, ವಿಲೇವಾರಿಯಾದ ಅರ್ಜಿಗಳೆಷ್ಟು? (ಸಂಪೂರ್ಣ ವಿವರ ನೀಡುವುದು)’. ಇಲಾಖೆಗೆ ಇದಕ್ಕಿಂತ ಸುಲಭದ ಪ್ರಶ್ನೆ ಇಲ್ಲ. ಒಂದು ಕಚೇರಿಗೆ 100 ಅರ್ಜಿ ಬಂದವು ಎಂದುಕೊಳ್ಳಿ. 60 ಜನರಿಗೆ ಪ್ರಮಾಣಪತ್ರ ಸಿಕ್ಕಿತು, 35 ಅರ್ಜಿ ತಿರಸ್ಕಾರವಾದವು, 5 ಬಾಕಿ. ತಿರಸ್ಕಾರವೂ ವಿಲೇವಾರಿಯೇ ಆದ್ದರಿಂದ ಉತ್ತರದಲ್ಲಿ ಬರುವುದು ಶೇ 95. ತಿರಸ್ಕಾರವಾದ 35 ಮಂದಿಯಲ್ಲಿ 20 ಮಂದಿ ಯಾವುದೋ ದಾಖಲೆ ಸೇರಿಸಿ ಮತ್ತೆ ಅರ್ಜಿ ಹಾಕಿ, ಎರಡನೇ ಸಲ ಪ್ರಮಾಣಪತ್ರ ಪಡೆದರು ಎನ್ನೋಣ. ಈಗ ಅರ್ಜಿಗಳ ಸಂಖ್ಯೆ 120, ವಿಲೇವಾರಿ 115. ಶೇಕಡಾವಾರು 95.8ಕ್ಕೆ ಏರಿತು. ಜನರಿಗೆ ಎರಡು ಸಲ ಓಡಾಡಿಸಿದ್ದರಿಂದ ಕಚೇರಿಯ ಸಾಧನೆ ಉತ್ತಮವಾಯಿತು! ಈ ಉತ್ತರದಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಆದರೆ ಮೊದಲ ಸಲಕ್ಕೆ ಕೆಲಸ ಆದದ್ದು ನೂರರಲ್ಲಿ 60 ಜನರಿಗೆ ಮಾತ್ರ ಎಂಬುದು ಇಡೀ ಹಾಳೆಯಲ್ಲಿ ಎಲ್ಲೂ ಸಿಗುವುದಿಲ್ಲ.

ಇನ್ನೂ ಎರಡು ಕಡೆ ಲೆಕ್ಕ ಸೋರುತ್ತದೆ. ಕೌಂಟರಿನಲ್ಲಿ ಅರ್ಜಿ ತೆಗೆದುಕೊಂಡು, ‘ಎಲ್ಲ ಸರಿ ಇದೆಯಾ ನೋಡ್ತೀವಿ, ಆಮೇಲೆ ನಂಬರ್ ಕೊಡ್ತೀವಿ’ ಎಂದರೆ ಆ ದಿನಗಳು ಗಡಿಯಾರಕ್ಕೆ ಸೇರುವುದೇ ಇಲ್ಲ. ಜಿಎಸ್‌ಸಿ ಸಂಖ್ಯೆ ಹುಟ್ಟದ ಅರ್ಜಿ ಸಕಾಲದ ಮಟ್ಟಿಗೆ ಬಂದೇ ಇಲ್ಲ. ಇನ್ನೊಂದು, ‘ಯೋಜನೆ ಆರಂಭವಾದಾಗಿನಿಂದ’ ಎಂದು ಕೊಡುವ ಒಟ್ಟು ಲೆಕ್ಕ. ಹನ್ನೆರಡು ಹದಿಮೂರು ವರ್ಷದ ಕೋಟಿಗಟ್ಟಲೆ ಅರ್ಜಿಗಳ ನಡುವೆ ಈ ತಿಂಗಳು ಒಂದು ವಲಯದಲ್ಲಿ ಕೆಲಸ ನಿಂತುಹೋಗಿದ್ದರೂ ಶೇಕಡಾವಾರು ಅಲುಗಾಡುವುದಿಲ್ಲ.

ಬೆಂಗಳೂರಿನ ಇ-ಖಾತಾ ವಿಚಾರದಲ್ಲೂ ಇದೇ ಜಾಗ್ರತೆ ಬೇಕು. 2024ರ ಅಕ್ಟೋಬರ್‌ನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತಾ ಆನ್‌ಲೈನ್‌ಗೆ ಬಂದಿತ್ತು. ಕರಡು ಎಂದರೆ ಪಾಲಿಕೆಯ ಹಳೆಯ ರಿಜಿಸ್ಟರಿನ ಪ್ರತಿ. ಮಾಲೀಕರು ಆಧಾರ್, ಕ್ರಯಪತ್ರ, ಆಸ್ತಿ ತೆರಿಗೆ ವಿವರ ಎಲ್ಲ ಸೇರಿಸಿ, ಪರಿಶೀಲನೆ ಆದ ಮೇಲೆ ಸಿಗುವುದು ಅಂತಿಮ ಇ-ಖಾತಾ. ‘ಎಷ್ಟು ಇ-ಖಾತಾ ನೀಡಲಾಗಿದೆ’ ಎಂದು ಬರೀ ಕೇಳಿದರೆ ಯಾವುದನ್ನು ಎಣಿಸಬೇಕೆಂಬ ತೀರ್ಮಾನ ಉತ್ತರ ಬರೆಯುವವರದಾಗುತ್ತದೆ.

ಬೆಂಗಳೂರು ಎಂದರೆ ಎಷ್ಟು ಬೆಂಗಳೂರು ಎಂಬುದೂ ಒಂದು ದೊಡ್ಡ ಗೊಂದಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551, ಪಾಲಿಕೆ ವ್ಯಾಪ್ತಿಯದು 84,43,675. ತಲಾ ಲೆಕ್ಕ ಹಾಕುವಾಗ, ಜಿಲ್ಲಾಧಿಕಾರಿ ಕಚೇರಿಯಿಂದ ಉತ್ತರ ಬಂದರೆ ಮೊದಲನೆಯದು ಛೇದ, ಪಾಲಿಕೆಯಿಂದ ಬಂದರೆ ಎರಡನೆಯದು. ಎರಡೂ ಇಷ್ಟು ಹಳೆಯವಾದರೂ 2021ರ ಜನಗಣತಿ ನಡೆಯದ ಕಾರಣ ಬೇರೆ ಗತಿಯಿಲ್ಲ. ಬೆಸ್ಕಾಂ ಬಗ್ಗೆ ಕೇಳಿದರೆ ಚಿತ್ರದುರ್ಗ, ದಾವಣಗೆರೆ ಸೇರಿ ಎಂಟು ಜಿಲ್ಲೆಗಳ ಲೆಕ್ಕ ಒಟ್ಟಾಗಿ ಬರಬಹುದು. ಆನೇಕಲ್ ಬೆಂಗಳೂರು ನಗರ ಜಿಲ್ಲೆಯ ತಾಲ್ಲೂಕು, ಆದರೆ ಅಲ್ಲಿನ ಪೊಲೀಸ್ ಠಾಣೆ ನಗರ ಪೊಲೀಸ್ ಆಯುಕ್ತರ ಕೆಳಗೆ ಬರುವುದಿಲ್ಲ. ಹಾಗಾಗಿ ‘ಬೆಂಗಳೂರಿನ ಅಪರಾಧ ಪ್ರಕರಣ’ ಎಂಬ ಸಂಖ್ಯೆಯಲ್ಲಿ ಆನೇಕಲ್ ಇದೆಯೋ ಇಲ್ಲವೋ ಪ್ರಶ್ನೆ ಬರೆದವರಿಗೇ ಗೊತ್ತಿರುವುದಿಲ್ಲ.

ವಾರ್ಡಿನ ಗಡಿಯಂತೂ ನಿಂತಲ್ಲಿ ನಿಂತಿಲ್ಲ. 2015ರ ಚುನಾವಣೆ ನಡೆದದ್ದು 198 ವಾರ್ಡಿಗೆ, 2022ರ ಮರುವಿಂಗಡಣೆಯಲ್ಲಿ ಅವು 243 ಆದವು, 2023ರಲ್ಲಿ 225ಕ್ಕೆ ಇಳಿದವು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಯಾಗಿ, ಸೆಪ್ಟೆಂಬರ್‌ನಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ನಗರ ಪಾಲಿಕೆಗಳು ಬಂದಿವೆ. ಐದು ವರ್ಷದ ವಾರ್ಡ್‌ವಾರು ಮಾಹಿತಿ ಕೇಳುವ ಶಾಸಕರಿಗೆ ಒಂದೇ ಹೆಸರಿನ, ಆದರೆ ಬೇರೆ ಬೇರೆ ವಿಸ್ತೀರ್ಣದ ವಾರ್ಡುಗಳ ಪಟ್ಟಿ ಸಿಗುತ್ತದೆ. ಅದನ್ನು ಹೋಲಿಸಿ ‘ನಮ್ಮ ವಾರ್ಡಿಗೆ ಅನುದಾನ ಕಡಿಮೆಯಾಗಿದೆ’ ಎಂದರೆ ಅರ್ಧ ನಿಜ, ಅರ್ಧ ಗಡಿಯ ಆಟ.

ರಸ್ತೆಗುಂಡಿಯ ಉತ್ತರ ಹೆಚ್ಚು ಹೇಳಬೇಕಾದ್ದೇನಲ್ಲ. ಒಂದೇ ಗುಂಡಿಯನ್ನು ಜೂನ್‌ನಲ್ಲೂ ಆಗಸ್ಟ್‌ನಲ್ಲೂ ಮುಚ್ಚಿದರೆ ಎರಡು ಗುಂಡಿ. ಸಂಖ್ಯೆಯ ಬದಲು ಚದರ ಮೀಟರ್, ಹಾಕಿದ ಡಾಂಬರು ಮಿಶ್ರಣದ ಟನ್, ರಸ್ತೆಯ ಹೆಸರು ಕೇಳಬೇಕು. ಹೆದ್ದಾರಿ ಪ್ರಾಧಿಕಾರ, ಲೋಕೋಪಯೋಗಿ, ಬಿಡಿಎ, ಮೆಟ್ರೊ ಕಾಮಗಾರಿ ನಡೆಯುವ ಭಾಗ ಎಂದು ರಸ್ತೆ ಹಂಚಿಹೋಗಿರುವುದರಿಂದ ಒಬ್ಬರಿಗೆ ಕೇಳಿದ ಪ್ರಶ್ನೆಗೆ ‘ಸದರಿ ರಸ್ತೆಯು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬಂದರೆ ಒಂದು ಅಧಿವೇಶನ ಹೋದಂತೆ.

ಖಾಲಿ ಹುದ್ದೆಗಳ ಉತ್ತರದಲ್ಲಿ ಮೂರು ಕಾಲಂ ಇರುತ್ತದೆ: ಮಂಜೂರು, ಭರ್ತಿ, ಖಾಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಬ್ಬರ ಸಂಬಳ ಇಲ್ಲಿ, ನಿಯೋಜನೆ ಮೇಲೆ ಕೆಲಸ ಇನ್ನೆಲ್ಲೋ ಎಂದರೆ ಹುದ್ದೆ ಕಾಗದದಲ್ಲಿ ಭರ್ತಿ, ಊರವರ ಪಾಲಿಗೆ ಖಾಲಿ. ಹೊರಗುತ್ತಿಗೆಯವರನ್ನು ಭರ್ತಿಯ ಕಾಲಂಗೆ ಸೇರಿಸಿದ್ದಾರೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ‘ಉತ್ತರದ ದಿನಾಂಕದಂದು ಅದೇ ಸ್ಥಳದಲ್ಲಿ ಕೆಲಸ ಮಾಡುತ್ತಿರುವ ಕಾಯಂ ನೌಕರರು, ನಿಯೋಜನೆ ಮೇಲೆ ಹೊರಗಿರುವವರು, ಹೊರಗುತ್ತಿಗೆಯವರು’ ಎಂದು ಬಿಡಿಸಿ ಕೇಳಬೇಕು. ಎಚ್‌ಆರ್‌ಎಂಎಸ್‌ನಲ್ಲಿ (ಸರ್ಕಾರಿ ನೌಕರರ ಸಂಬಳದ ಕಂಪ್ಯೂಟರ್ ವ್ಯವಸ್ಥೆ) ಪ್ರತಿ ತಿಂಗಳು ಸಂಬಳದ ಬಿಲ್ ಆಗುವುದರಿಂದ ಕಾಯಂ ನೌಕರರ ಲೆಕ್ಕ ಒಂದು ದಿನದ ಕೆಲಸ, ‘ಕ್ರೋಢೀಕರಿಸಲಾಗುತ್ತಿದೆ’ ಎಂಬ ಸಬೂಬಿಗೆ ಅಲ್ಲಿ ಜಾಗವಿಲ್ಲ.

ಹಣದ ಪ್ರಶ್ನೆಯಲ್ಲಿ ಹಂಚಿಕೆ, ಬಿಡುಗಡೆ, ವೆಚ್ಚ ಮೂರೂ ಬೇರೆ. ಇಲಾಖೆ ತನ್ನ ಹಣವನ್ನು ಕಾಮಗಾರಿ ಮಾಡಿಸುವ ನಿರ್ಮಿತಿ ಕೇಂದ್ರಕ್ಕೋ ಪಿ.ಡಿ. (ಅಧಿಕಾರಿಯ ಹೆಸರಿನ ಠೇವಣಿ) ಖಾತೆಗೋ ವರ್ಗಾಯಿಸಿದ ದಿನವೇ ಅದನ್ನು ವೆಚ್ಚ ಎಂದು ತೋರಿಸಬಹುದು, ಕಾಮಗಾರಿ ಒಂದು ಬುಟ್ಟಿ ಮಣ್ಣು ಎತ್ತದಿದ್ದರೂ ಸರಿ. ‘ಗುತ್ತಿಗೆದಾರರಿಗೆ ಪಾವತಿಯಾದ ಬಿಲ್ ಮೊತ್ತ, ಮಾರ್ಚ್ 31ಕ್ಕೆ ಠೇವಣಿಯಲ್ಲಿ ಉಳಿದ ಮೊತ್ತ’ ಎಂಬ ಎರಡು ಕಾಲಂ ಸೇರಿಸಿದರೆ ಇದು ಬಯಲಾಗುತ್ತದೆ.

ಮಾಹಿತಿಯೇ ಇಲ್ಲ ಎಂಬ ಉತ್ತರ ಇವೆಲ್ಲಕ್ಕಿಂತ ಗಂಭೀರ. 2021ರ ಜುಲೈ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಸಭೆಗೆ ಕೊಟ್ಟ ಉತ್ತರ ನೆನಪಿಸಿಕೊಳ್ಳಿ: ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡಿದ್ದರು. ಹೈಕೋರ್ಟ್ ನೇಮಿಸಿದ್ದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ಅಲ್ಲಿ ಆಮ್ಲಜನಕದ ಕೊರತೆಯನ್ನು ಎತ್ತಿ ತೋರಿಸಿತ್ತು. ಕೇಂದ್ರಕ್ಕೆ ರಾಜ್ಯಗಳು ದಿನವೂ ಕಳಿಸುತ್ತಿದ್ದದ್ದು ಪ್ರಕರಣ ಮತ್ತು ಸಾವಿನ ಸಂಖ್ಯೆ. ಅದರಲ್ಲಿ ಆಮ್ಲಜನಕ ಸಿಗದೆ ಸತ್ತವರು ಎಂದು ಬೇರೆಯಾಗಿ ಬರೆದು ಕಳಿಸಿದವರಿಲ್ಲ, ಆದ್ದರಿಂದ ಸಂಸತ್ತಿನ ದಾಖಲೆಯಲ್ಲಿ ಅಂಥ ಸಾವೂ ಇಲ್ಲ. ಸತ್ತವರ ಮನೆಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಲಾಕ್‌ಡೌನ್ ಕಾಲದ ವಲಸೆ ಕಾರ್ಮಿಕರ ಸಾವಿನ ಬಗ್ಗೆ ಕೇಳಿದಾಗಲೂ ಲೋಕಸಭೆಗೆ ಸಿಕ್ಕ ಉತ್ತರ ಅಂಥ ಮಾಹಿತಿ ಇಟ್ಟಿಲ್ಲ ಎಂದೇ.

ಇಂಥ ಉತ್ತರ ಬಂದಾಗ ಕೂಗಾಡಿ ಕೂತರೆ ಸಾಲದು. ಉಪಪ್ರಶ್ನೆಯಲ್ಲೇ ಕೇಳಬೇಕಾದದ್ದು ಇಷ್ಟು: ಕೆಳಗಿನ ಕಚೇರಿಗಳಿಂದ ಮಾಹಿತಿ ತರಿಸಲು ಬಳಸಿದ ನಮೂನೆ ಯಾವುದು, ಅದರಲ್ಲಿ ಈ ಕಾಲಂ ಇದೆಯೇ, ಇಲ್ಲದಿದ್ದರೆ ಯಾವ ದಿನಾಂಕದಿಂದ ಸೇರಿಸುತ್ತೀರಿ? ನಮೂನೆಯ ಪ್ರತಿಯನ್ನೇ ಸದನದಲ್ಲಿ ಮಂಡಿಸಲು ಕೇಳಬಹುದು. ಒಂದು ಕಾಲಂ ಸೇರಿದರೆ ಮುಂದಿನ ವರ್ಷದಿಂದ ಆ ಲೆಕ್ಕ ತಾನಾಗಿ ಹುಟ್ಟುತ್ತದೆ.

ಇನ್ನು ಪ್ರಶ್ನೆ ಬರೆಯುವ ಬಗೆ. ನಮ್ಮಲ್ಲಿ ಬಹುಪಾಲು ಪ್ರಶ್ನೆಗಳ (ಅ) ಭಾಗ ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಶುರುವಾಗುತ್ತದೆ. ಎದುರಿನ ಕಾಲಂನಲ್ಲಿ ‘ಬಂದಿದೆ’. (ಆ)ಕ್ಕೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ’, (ಇ)ಕ್ಕೆ ‘ಅನುದಾನದ ಲಭ್ಯತೆಗನುಗುಣವಾಗಿ ಪರಿಶೀಲಿಸಲಾಗುವುದು’. (ಅ)ಕ್ಕೆ ‘ಇಲ್ಲ’ ಎಂದುಬಿಟ್ಟರಂತೂ ಉಳಿದವಕ್ಕೆಲ್ಲ ‘ಉದ್ಭವಿಸುವುದಿಲ್ಲ’. ಮೊದಲ ಭಾಗದ ಮೇಲೆ ಉಳಿದ ಭಾಗಗಳನ್ನು ನೇತುಹಾಕುವುದೇ ತಪ್ಪು. ಒಂದೊಂದು ಭಾಗವೂ ತನ್ನ ಕಾಲ ಮೇಲೆ ನಿಲ್ಲಬೇಕು. ಖಾತಾ ವರ್ಗಾವಣೆ ಬಗ್ಗೆ ಹೀಗೆ ಬರೆಯಬಹುದು:

(ಅ) ಐದು ನಗರ ಪಾಲಿಕೆಗಳಲ್ಲಿ 01.10.2025ರಿಂದ 31.12.2025ರವರೆಗೆ ಖಾತಾ ವರ್ಗಾವಣೆಗೆ ಜಿಎಸ್‌ಸಿ ಸಂಖ್ಯೆ ನೀಡಿದ ಅರ್ಜಿಗಳೆಷ್ಟು. ಅವುಗಳಲ್ಲಿ ಮಂಜೂರಾದವು, ತಿರಸ್ಕೃತವಾದವು ಮತ್ತು 31.12.2025ಕ್ಕೆ ಬಾಕಿ ಇರುವವು ಎಷ್ಟು? (ಪಾಲಿಕೆವಾರು ಮತ್ತು ಉಪವಿಭಾಗವಾರು ವಿವರ ನೀಡುವುದು)

(ಆ) ತಿರಸ್ಕಾರಕ್ಕೆ ದಾಖಲಿಸಿದ ಕಾರಣಗಳು ಯಾವುವು. ಪ್ರತಿ ಕಾರಣದಡಿ ಎಷ್ಟು ಅರ್ಜಿ. ಅದೇ ಆಸ್ತಿಗೆ ಮತ್ತೆ ಸಲ್ಲಿಕೆಯಾದ ಅರ್ಜಿಗಳೆಷ್ಟು?

(ಇ) ನಿಗದಿತ ಅವಧಿ ಮೀರಿದ ಅರ್ಜಿಗಳಲ್ಲಿ 30 ದಿನದವರೆಗೆ, 31ರಿಂದ 90 ದಿನ, 90 ದಿನಕ್ಕಿಂತ ಹೆಚ್ಚು ತಡವಾದವು ಎಷ್ಟೆಷ್ಟು?

(ಈ) ಎಷ್ಟು ಅರ್ಜಿದಾರರಿಗೆ ಒಟ್ಟು ಎಷ್ಟು ರೂಪಾಯಿ ಪರಿಹಾರ ಪಾವತಿಯಾಗಿದೆ?

(ಉ) ಈ ಮಾಹಿತಿ ನೀಡದ ಕಚೇರಿಗಳು ಯಾವುವು?

ಇದರಲ್ಲಿ (ಇ) ಭಾಗವನ್ನು ಬಿಡಬಾರದು. ಸರಾಸರಿ ಕೇಳಿದರೆ ಎರಡು ದಿನದಲ್ಲಿ ಆದ ಅರ್ಜಿಯೂ ಇನ್ನೂರು ದಿನ ಕೊಳೆತ ಅರ್ಜಿಯೂ ಬೆರೆತು ಯಾರಿಗೂ ಅನ್ವಯಿಸದ ಒಂದು ಸಂಖ್ಯೆ ಬರುತ್ತದೆ. (ಉ) ಇದ್ದರೆ ಖಾಲಿ ಕೋಷ್ಟಕ ಸೊನ್ನೆಯ ವೇಷ ಹಾಕುವುದಕ್ಕಾಗುವುದಿಲ್ಲ. ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದ್ದಕ್ಕೂ ಕಾರಣವಿದೆ: ‘ಕಳೆದ ಐದು ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿ’ ಎಂದು ಕೇಳಿದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎನ್ನುವುದಕ್ಕೆ ಇಲಾಖೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಉತ್ತರ ಒಳ್ಳೆಯದೇ ಬಂದರೂ ಅದು ಜನರ ಕೈಗೆ ಸಿಗುವ ರೂಪ ಸರಿಯಿಲ್ಲ. ‘ಅನುಬಂಧ-1ರಲ್ಲಿ ಒದಗಿಸಿದೆ’ ಎಂದಿರುತ್ತದೆ, ಜಾಲತಾಣದ ಪಿಡಿಎಫ್‌ನಲ್ಲಿ ಅನುಬಂಧ ಇರುವುದಿಲ್ಲ. ದೊಡ್ಡ ಅನುಬಂಧವನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ ಸದಸ್ಯರಿಗಷ್ಟೇ ಕೊಟ್ಟು ಮುಗಿಸುವುದುಂಟು. ಇದ್ದರೂ ಕಾಗದವನ್ನು ಓರೆಯಾಗಿ ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಯುನಿಕೋಡ್ ಅಲ್ಲದ ‘ನುಡಿ’ ತಂತ್ರಾಂಶದ ಅಕ್ಷರ; ಊರಿನ ಹೆಸರು ಹುಡುಕಿದರೆ ಸಿಗದು. ಇಲಾಖೆ ಮೂಲದಲ್ಲಿ ಎಕ್ಸೆಲ್‌ನಲ್ಲೇ ತಯಾರಿಸಿದ ಪಟ್ಟಿಯನ್ನು ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡುವುದರಲ್ಲಿ ಯಾರಿಗೂ ಲಾಭವಿಲ್ಲ. ಸಹಿ ಇರುವ ಪ್ರತಿಯ ಜೊತೆಗೆ ಎಕ್ಸೆಲ್ ಕಡತವನ್ನೂ ಹಾಕಬೇಕೆಂದು ಸಭಾಧ್ಯಕ್ಷರು ಮತ್ತು ಸಭಾಪತಿಗಳು ಒಂದು ಸೂಚನೆ ಕೊಟ್ಟರೆ ಸಾಕು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಅನುದಾನವೂ ಬೇಡ.

ಅನುಬಂಧ ಸಿಗದವರು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ, ಕೊನೆಯಲ್ಲಿ ಮುದ್ರಿಸಿದ ಕಡತ ಸಂಖ್ಯೆ ಮೂರನ್ನೂ ಬರೆದು ‘ಈ ಉತ್ತರದ ಅನುಬಂಧ ಮತ್ತು ಕೆಳಹಂತದ ಕಚೇರಿಗಳಿಂದ ಬಂದ ವರದಿಗಳ ಪ್ರತಿ’ ಎಂದು ಕೇಳಿದರೆ ಯಾವ ಕಡತ ಎಂದು ತಡಕಾಡುವ ನೆಪ ಇರುವುದಿಲ್ಲ. ಸಂಸತ್ತಿಗಾಗಲಿ ರಾಜ್ಯ ಶಾಸಕಾಂಗಕ್ಕಾಗಲಿ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಮಾತು 2005ರ ಕಾಯ್ದೆಯ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಕಲಮಿನಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ತೆಗೆದುಹಾಕಿತು, ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೂ ಬಂತು. ಇದು ಜನರಿಗಾದ ದೊಡ್ಡ ನಷ್ಟ. ಹಾಗಿದ್ದರೂ ಒಟ್ಟು ಸಂಖ್ಯೆಗಳಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇರುವುದಿಲ್ಲ, ಆ ನೆಪ ಹೇಳಿದರೆ ಮೇಲ್ಮನವಿ ಹಾಕಲೇಬೇಕು. ಸಾರ್ವಜನಿಕ ಹಿತಾಸಕ್ತಿ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆಂಬ 8(2) ಈಗಲೂ ಉಳಿದಿದೆ.

‘ಮಾಹಿತಿ ಸಂಗ್ರಹಿಸಿ ನಂತರ ಒದಗಿಸಲಾಗುವುದು’ ಎಂಬ ಉತ್ತರವನ್ನು ಅಲ್ಲಿಗೆ ಬಿಡಬೇಕಾಗಿಲ್ಲ. ಲೋಕಸಭೆಯಲ್ಲಿ ಅಂಥ ಮಾತು ಸರ್ಕಾರದ ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ನಮ್ಮ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆ ಕೇಳಿದ ಸದಸ್ಯರೇ ಉತ್ತರದ ಪ್ರತಿ ಲಗತ್ತಿಸಿ ಸಮಿತಿಗೆ ಪತ್ರ ಬರೆಯಬೇಕು. ಕ್ಷೇತ್ರದ ಮತದಾರರು ಅವರಿಂದ ಬರೆಸಬೇಕು. ಪರಿಷತ್ತಿನಲ್ಲಿ ಅಪೂರ್ಣ ಉತ್ತರದ ಮೇಲೆ ಅರ್ಧ ಗಂಟೆ ಚರ್ಚೆ ಕೇಳುವ ದಾರಿಯೂ ಇದೆ.

ಐದು ಪಾಲಿಕೆಗಳು ಈಗಷ್ಟೇ ಲೆಕ್ಕದ ಪುಸ್ತಕ ತೆರೆಯುತ್ತಿರುವುದರಿಂದ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದಿದೆ. ಹಳೆಯ ಬಿಬಿಎಂಪಿಯ ಎಂಟು ವಲಯಗಳ, 198 ವಾರ್ಡುಗಳ ಯಾವ ಭಾಗ ಯಾವ ಪಾಲಿಕೆಯ ಯಾವ ಹೊಸ ವಾರ್ಡಿಗೆ ಸೇರಿದೆ, ಬಾಕಿ ಅರ್ಜಿಗಳ ಕಡತ ಯಾವ ಉಪವಿಭಾಗಕ್ಕೆ ಯಾವ ದಿನಾಂಕದಂದು ಹಸ್ತಾಂತರವಾಗಿದೆ ಎಂಬ ಪಟ್ಟಿ. ಹಸ್ತಾಂತರದ ಕಾಗದಗಳು ಕೈಗೆ ಸಿಗುವಾಗಲೇ ಈ ಪಟ್ಟಿ ಸದನದ ದಾಖಲೆಗೆ ಸೇರಬೇಕು. ತಡವಾದರೆ 2025ರ ಹಿಂದಿನ ಯಾವ ಲೆಕ್ಕವನ್ನೂ ಮುಂದಿನ ಲೆಕ್ಕದ ಜೊತೆ ಇಟ್ಟು ನೋಡಲು ಬರುವುದಿಲ್ಲ, ಹಳೆಯ ಬಾಕಿ ಎಷ್ಟಿತ್ತೆಂದು ಕೇಳಿದರೆ ಐದೂ ಪಾಲಿಕೆಗಳು ‘ನಮ್ಮ ಅವಧಿಗೆ ಸಂಬಂಧಿಸಿಲ್ಲ’ ಎನ್ನಬಹುದು.